ಚಿಕ್ಕಪ್ಪನ ಟರ್ಬೊ, ಚಿಕ್ಕಮ್ಮನ ಹೊಟ್ಟೆ

ಹೋದ ವರ್ಷದವರೆಗೂ ನಮ್ಮ ಚಿಕ್ಕಪ್ಪನ ಕಾರಿನಷ್ಟು ಜೋರಾಗಿ ಓಡಬಲ್ಲ ಕಾರು ವರ್ತೂರಿನ ಸುತ್ತಮುತ್ತ ಇನ್ನೊಂದಿರಲಿಲ್ಲ. ಆದರೆ ಅದು ಜೋರಾಗಿ ಓಡಿದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ! ಓಡುವುದಾದರೂ ಎಲ್ಲಿ, ನೀವೇ ಹೇಳಿ? ಮನೆ ಗೇಟಿನಿಂದ ಮೇನ್ ರೋಡಿಗೆ ಬರುವಷ್ಟರಲ್ಲಿ ಏಳು ಹಂಪು, ಮೂರು ಹೊಂಡ, ದಾರಿಗಡ್ಡ ಮಲಗಿದ ಒಂದು ಎಮ್ಮೆ. ಮೇನ್ ರೋಡು ಸಿಕ್ಕಿತೆಂದರೆ ಅಲ್ಲಿಂದ ಮುಂದೆಲ್ಲ ಟ್ರಾಫಿಕ್ಕು. ಬೆಳಿಗ್ಗೆ ಕಾರಿನ ಪಕ್ಕ ನಡೆದು ಬರುತ್ತಿದ್ದ ಸೊಪ್ಪಿನವಳು "ಬರ್ತೀನಿ ಕಣಣ್ಣ" ಎಂದು ಹೇಳಿ ಮುಂದೆ ಹೋಗಿಬಿಡುತ್ತಿದ್ದಳು. ಅಂಥ ರಸ್ತೆಯಲ್ಲಿ ಓಡಿಸಲಿಕ್ಕೆ ನಮ್ಮ ಚಿಕ್ಕಪ್ಪ ಕಾರಿಗೆ ಇನ್ನೂ ನಲವತ್ತು ಕುದುರೆಗಳ ಶಕ್ತಿ ತುಂಬಿಸುತ್ತಿದ್ದ.

ಚಿಕ್ಕಪ್ಪನದು ವರ್ತೂರಿನ ಹಳೇ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆದಿದೆ. ಉಳಿದ ಚೂರು ಜಾಗದಲ್ಲಿ ಬಾಡಿಗೆ ಮನೆಗಳಿವೆ. ಮದುವೆಯಾದ ದಿನದಿಂದ ಮೂವತ್ತು ವರ್ಷ ಅವನು ಚಿಕ್ಕಮ್ಮನನ್ನು ಒಂದೇ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ತಿರುಗಿದ. ಬಿಸಿಲು, ಧೂಳು, ಕೆರೆಯಿಂದ ಹಾರಿಬರುವ ನೊರೆ, ಎಲ್ಲವನ್ನೂ ಅವಳು ಸೆರಗು ಮುಚ್ಚಿಕೊಂಡು ಸಹಿಸಿದಳು. "ಒಂದ್ ದಿನಾನಾದ್ರೂ ಅವಳನ್ನ ಸುಖವಾಗಿ ಕೂರಿಸ್ಕಂಡು ಓಗ್ಬೇಕು ಕಣಮ್ಮ" ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದನೋ! ಆ ಒಂದು ಆಸೆಗಾಗಿಯೇ, ಅಪಾರ್ಟ್‌ಮೆಂಟಿನವರೊಬ್ಬರು ಮಾರುತ್ತಿದ್ದ ಟರ್ಬೊ ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿದ.

ಟರ್ಬೊ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಕಾಡುಗೋಡಿಯ ಕಾಲೇಜೊಂದರಲ್ಲಿ ಪಿಯುಸಿಯವರಿಗೆ ಫಿಸಿಕ್ಸ್ ಹೇಳುವವಳು, ವಿವರಿಸದೆ ಇರಲಾರೆ. ಎಂಜಿನ್ನು ಹೊರಗೆ ಬಿಡುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಫ್ಯಾನು ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ಊದುತ್ತದೆ. ಕುಲುಮೆಯಲ್ಲಿ ತಿದಿ ಒತ್ತಿದ ಹಾಗೆ. ಆದರೆ ಹೊಗೆ ಬಂದು ಫ್ಯಾನು ತಿರುಗಲು ಒಂದು ಗಳಿಗೆ ಹಿಡಿಯುತ್ತದೆ. ಪೆಡಲ್ ತುಳಿದರೆ ಕಾರು ಮೊದಲು ಯೋಚನೆ ಮಾಡುತ್ತದೆ, ಆಮೇಲೆ ಒಮ್ಮೆಲೇ ಎಗರುತ್ತದೆ.

ಆ ಎಗರುವುದೇ ಚಿಕ್ಕಮ್ಮನ ಹೊಟ್ಟೆಗೆ ಆಗಲಿಲ್ಲ. ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಹೊರಟ ಮೊದಲ ದಿನವೇ, ವರ್ತೂರು ಕೋಡಿ ದಾಟುವುದರೊಳಗೆ ಬೆಳಗಿನ ಉಪ್ಪಿಟ್ಟೆಲ್ಲ ಹೊರಗೆ ಬಂತು. ಚಿಕ್ಕಮ್ಮ ಬಾಯಿ ತೊಳೆದುಕೊಂಡು, "ನಿಮ್ ಕಾರು ನಿಮಗೇ ಇರ್ಲಿ. ನಂಗೆ ಆ ಮೊಪೆಡ್ಡೇ ಸಾಕು" ಎಂದು ಬಸ್ಸು ಹತ್ತಿ ಮನೆಗೆ ಬಂದುಬಿಟ್ಟಳು.

ಬೇರೆ ಯಾರಾದರೂ ಆಗಿದ್ದರೆ ಕಾರು ಮಾರುತ್ತಿದ್ದರು. ಇಲ್ಲವೇ ಹೆಂಡತಿಗೆ ವಾಂತಿ ಮಾತ್ರೆ ತರುತ್ತಿದ್ದರು. ನಮ್ಮ ಚಿಕ್ಕಪ್ಪ ಕಾರಿಗೇ ಔಷಧಿ ಮಾಡಲು ಹೊರಟ!

"ಅವಳ ಒಟ್ಟೇಲಿ ಏನೂ ಐಬಿಲ್ಲ. ಕಾರಿಗೇ ಎಳೆತ ಸಾಲ್ದು. ಪವರ್ ಜಾಸ್ತಿ ಮಾಡ್ಸಿದ್ರೆ ಎಗರೋದ್ ಬಿಟ್ಟು ಸರ್ ಅಂತ ಓಗ್ತೈತೆ."

"ಚಿಕ್ಕಪ್ಪಾ, ಪವರ್ ಜಾಸ್ತಿಯಾದರೆ ಎಗರೋದೂ ಜಾಸ್ತಿ ಆಗಲ್ವಾ?"

"ನೀನು ಪುಸ್ತಕದ ಫಿಸಿಕ್ಸು ಹೇಳ್ತೀಯ. ಇದು ರೋಡಿನ ಫಿಸಿಕ್ಸು."

ಹೀಗೆ ಹೇಳಿದ ಮೇಲೂ ಪೀಣ್ಯಕ್ಕೆ ಹೋಗುವಾಗ ಪುಸ್ತಕದ ಫಿಸಿಕ್ಸನ್ನೇ ಜೊತೆಗೆ ಕರೆದುಕೊಂಡು ಹೋದ. ಲೇತ್ ಮೆಷಿನ್ನುಗಳ ನಡುವೆ ಒಂದು ತಗಡಿನ ಶೆಡ್ಡು. ಅಲ್ಲೊಬ್ಬ ಟ್ಯೂನರ್, ಕಾರುಗಳ ಶಕ್ತಿ ಹೆಚ್ಚಿಸಿಕೊಡುವವನು. ಅವನು ಬಾನೆಟ್ ಎತ್ತಲಿಲ್ಲ, ಸ್ಪ್ಯಾನರ್ ಹಿಡಿಯಲಿಲ್ಲ. ಸ್ಟೀರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ಬದಲಾಯಿಸಿದ. ಅಷ್ಟಕ್ಕೇ ಎಂಜಿನ್ನಿನ ಸ್ವಭಾವ ಬದಲಾಗುತ್ತದಂತೆ! ನಮ್ಮ ಕಾಲೇಜಿನ ಎಷ್ಟೋ ಜನಕ್ಕೆ ಎಲ್ಲಿ ವೈರು ಸಿಕ್ಕಿಸಬಹುದೆಂದು ನಾನು ಯೋಚಿಸುತ್ತ ಕೂತೆ.

ಆಮೇಲೆ ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ ಕಟ್ಟಿಹಾಕಿ ಓಡಿಸಿದರು. ಶಕ್ತಿ ಅಳೆಯುವ ಯಂತ್ರ ಅದು. ಚಕ್ರಗಳು ಕೆಳಗಿನ ರೋಲರನ್ನು ತಿರುಗಿಸುತ್ತವೆ, ಕಾರು ಇದ್ದಲ್ಲೇ ಇರುತ್ತದೆ. ವೇಗದ ಮುಳ್ಳು ನೂರಾ ಎಂಬತ್ತಕ್ಕೆ ಹೋಯಿತು. ಶೆಡ್ಡಿನ ತಗಡೆಲ್ಲ ನಡುಗಿತು. ಚಿಕ್ಕಪ್ಪ ಕಣ್ಣರಳಿಸಿ ನನ್ನ ಕಿವಿಯ ಹತ್ತಿರ ಕೂಗಿದ: "ನೋಡ್ದಾ? ಬೆಂಗಳೂರಲ್ಲಿ ನೂರಾ ಎಂಬತ್ತು!" ನಿಜವೇ. ಬೆಂಗಳೂರಿನಲ್ಲಿ ಆ ವೇಗ ಸಿಗುವುದು ನಿಂತ ಜಾಗದಲ್ಲಿ ಮಾತ್ರ.

ಕೊನೆಗೆ ಟ್ಯೂನರ್ ಕಾರಿನ ಶಕ್ತಿಯ ಗ್ರಾಫೊಂದನ್ನು ತೆಗೆದುಕೊಟ್ಟ: ಹಳೆಯ ಗೆರೆ ಕೆಳಗೆ, ಹೊಸ ಗೆರೆ ಮೇಲೆ. ಆ ಗ್ರಾಫನ್ನು ಚಿಕ್ಕಪ್ಪ ಲ್ಯಾಮಿನೇಷನ್ ಮಾಡಿಸಿ ನಡುಮನೆಯಲ್ಲಿ, ತಮ್ಮ ಮದುವೆ ಫೋಟೋದ ಪಕ್ಕ ತೂಗುಹಾಕಿದ. ಚಿಕ್ಕಮ್ಮ ಮಾರ್ಕೆಟ್ಟಿನಿಂದ ಬಂದವಳು ಅದನ್ನು ನೋಡಿ ಬ್ಯಾಗು ಕೆಳಗಿಟ್ಟು, "ಯಾರ್ದು ಇಸಿಜಿ? ಯಾರಿಗೆ ಏನಾಯ್ತು?" ಎಂದು ಗಾಬರಿಯಾದಳು. ಕಾರಿನದು ಎಂದು ಗೊತ್ತಾದ ಮೇಲೆ, "ಆಸ್ಪತ್ರೆಗೆ ಸೇರಿಸಿ ಅದನ್ನ" ಎಂದು ಅಡುಗೆಮನೆಗೆ ಹೋದಳು.

ಗೋಗರೆದು, ಬೇಡಿ, ಅವಳ ತವರಿನ ಮೇಲೆ ಆಣೆ ಹಾಕಿ ಮತ್ತೆ ಕೂರಿಸಿದ. ಈ ಸಲ ಕೋಡಿಯವರೆಗೂ ಹೋಗಲಿಲ್ಲ, ಊರ ಬಾಗಿಲಲ್ಲೇ ಆಯಿತು. ಎಳೆತ ಇನ್ನೂ ಸಾಲದೆಂದು ಚಿಕ್ಕಪ್ಪ ದಪ್ಪ ಸೈಲೆನ್ಸರ್ ಹಾಕಿಸಿದ. ಚಿಕ್ಕಮ್ಮ ಬೀದಿಯ ತಿರುವಿನಲ್ಲಿ ಇಳಿದಳು. ಕಾರು ನೆಲ ಕಚ್ಚಿಕೊಂಡು ಹೋಗಲೆಂದು ಗಡಸು ಸ್ಪ್ರಿಂಗ್ ಹಾಕಿಸಿ ಗಿಡ್ಡ ಮಾಡಿಸಿದ. ಚಿಕ್ಕಮ್ಮ ಗೇಟು ದಾಟಲಿಲ್ಲ. ಕುದುರೆಗಳು ಹೆಚ್ಚಿದಂತೆಲ್ಲ ಅವಳು ತಡೆದುಕೊಳ್ಳುವ ದೂರ ಕಡಿಮೆಯಾಗುತ್ತ ಬಂತು. ಈ ಗ್ರಾಫನ್ನು ಬೇಕಾದರೆ ನಾನೇ ಹಾಕಿಕೊಡುತ್ತಿದ್ದೆ, ಚಿಕ್ಕಪ್ಪ ಕೇಳಲಿಲ್ಲ.

ಸಂಕ್ರಾಂತಿಯ ಕಥೆಯನ್ನು ಹೇಳದಿದ್ದರೆ ಊರವರು ನನ್ನನ್ನು ಕ್ಷಮಿಸುವುದಿಲ್ಲ. ನಮ್ಮಲ್ಲಿ ಸಂಕ್ರಾಂತಿಯ ಸಂಜೆ ದನಗಳನ್ನು ಸಿಂಗರಿಸಿ, ಬೀದಿಗೆ ಅಡ್ಡಲಾಗಿ ಹುಲ್ಲು ಹರವಿ ಬೆಂಕಿ ಹಚ್ಚಿ, ಕಿಚ್ಚು ಹಾಯಿಸುತ್ತಾರೆ. ಚಿಕ್ಕಪ್ಪನ ಮನೆಯ ಎತ್ತುಗಳು ಹೋಗಿ ಎಷ್ಟೋ ವರ್ಷವಾಗಿತ್ತು. ಆ ವರ್ಷ ಅವನು ಕಾರಿಗೆ ಮೈ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕನ್ನಡಿಗಳಿಗೆ ಚೆಂಡುಹೂವು ಕಟ್ಟಿ ಸಾಲಿನಲ್ಲಿ ತಂದು ನಿಲ್ಲಿಸಿದ! ಹಿರಿಯರು ಪೆಟ್ರೋಲಿನ ಭಯ ಹೇಳಿದರು. ಕೊನೆಗೆ ಒಂದೇ ಹಿಡಿ ಹುಲ್ಲು ಹಾಕುವುದೆಂದು ರಾಜಿಯಾಯಿತು. ಚಿಕ್ಕಮ್ಮ ಆರತಿ ಎತ್ತಿದಳು.

"ಬಾ, ನೀನೂ ಕೂತ್ಕ" ಎಂದ ಚಿಕ್ಕಪ್ಪ.

"ಎತ್ತಿನ ಮೇಲೆ ಕೂತು ನಾನ್ ಯಾವತ್ತಾದ್ರೂ ಕಿಚ್ಚು ಹಾರಿದೀನಾ?" ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ಒಬ್ಬನೇ ಹೊರಟ. ಕಾರು ಗಿಡ್ಡವಾಗಿತ್ತೆಂದು ಹೇಳಿದೆನಲ್ಲ? ಎತ್ತುಗಳೆಲ್ಲ ಕಿಚ್ಚನ್ನು ಹಾರಿದವು. ಕಾರು ಕಿಚ್ಚನ್ನು ಗುಡಿಸಿಕೊಂಡು ಹೋಯಿತು! ಮುಂದಿನ ಬಂಪರು ಉರಿಯುವ ಹುಲ್ಲನ್ನು ತಳ್ಳಿಕೊಂಡು ಬೀದಿಯಲ್ಲಿ ಸಾಗಿತು. ಚಿಕ್ಕಪ್ಪನಿಗೆ ಅದು ಕಾಣುತ್ತಿರಲಿಲ್ಲ. ಜನ ಬಿಂದಿಗೆ ಹಿಡಿದು ಹಿಂದೆ ಓಡುವುದನ್ನು ಕನ್ನಡಿಯಲ್ಲಿ ಕಂಡು, ಮೆಚ್ಚಿಕೊಂಡು ಓಡಿ ಬರುತ್ತಿದ್ದಾರೆಂದು ಕೈ ಬೀಸಿದ. ಬಂಪರು ಒಂದು ಮೂಲೆಯಲ್ಲಿ ಕರಗಿ ಸೊಟ್ಟಗಾಯಿತು. ಮಾರನೆಯ ದಿನ ನೋಡಲು ಹೋದರೆ, "ಎಂಗೂ ಕರಗೈತೆ, ಜಾಸ್ತಿ ಗಾಳಿ ಓಗೋ ಬಂಪರೇ ಹಾಕಿಸಾಣ" ಎಂದ.

ನಾನು ನಗುತ್ತಿದ್ದೆ, ನಿಜ. ಆದರೆ ಒಂದು ದಿನ ಅವನ ಪಕ್ಕ ಕೂತು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಬೇರೆ ಯೋಚನೆ ಬಂತು. ಮುಕ್ಕಾಲು ಗಂಟೆ ನಿಂತೇ ಇದ್ದೆವು. ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತ, "ಇದು ನಮ್ ಕಣ ಇದ್ದ ಜಾಗ. ಇಲ್ಲೇ ರಾಗಿ ಒಕ್ತಿದ್ದಿದ್ದು" ಎಂದ. ಅಲ್ಲಿ ಈಗ ರಸ್ತೆಯ ಡಿವೈಡರ್ ಇತ್ತು. ತನ್ನದೇ ಕಣದಲ್ಲಿ ಮುಂದಕ್ಕೆ ಹೋಗಲು ಜಾಗಕ್ಕಾಗಿ ಕಾಯುವ ಮನುಷ್ಯ ಎಂಜಿನ್ನಿಗೆ ಇನ್ನಷ್ಟು ಶಕ್ತಿ ಬೇಕೆಂದರೆ ಅದನ್ನು ಬರೀ ಹುಚ್ಚು ಎನ್ನಲಾದೀತೇ? ಸುತ್ತಲಿನದೆಲ್ಲ ಅವನನ್ನು ಕೇಳದೆ ಬದಲಾಗಿತ್ತು. ಅವನು ಹೇಳಿದ ಹಾಗೆ ಬದಲಾಗುತ್ತಿದ್ದುದು ಈ ಕಾರು ಒಂದೇ. ಅದನ್ನೂ ಹೆಂಡತಿ ಒಲ್ಲೆ ಎನ್ನುತ್ತಿದ್ದಳು. ಅವತ್ತಿನಿಂದ ಅವನನ್ನು ರೇಗಿಸುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಹೋದ ವರ್ಷ ಚಿಕ್ಕಮ್ಮನ ಎದೆಯಲ್ಲಿ ಒಂದು ಗಂಟು ಕಂಡಿತು. ಆಪರೇಷನ್ ಆಯಿತು. ಆಮೇಲೆ ಐದು ವಾರ ದಿನವೂ ಆಸ್ಪತ್ರೆಗೆ ಹೋಗಿ ರೇಡಿಯೇಷನ್ ತೆಗೆದುಕೊಳ್ಳಬೇಕು, ತಪ್ಪಿಸುವಂತಿಲ್ಲ ಎಂದರು ಡಾಕ್ಟರು. ಹೋಗುವುದು ಹೇಗೆ? ಮೊಪೆಡ್ಡಿನಲ್ಲಿ ಹಿಡಿದು ಕೂರಲು ಕೈ ಬರುತ್ತಿರಲಿಲ್ಲ. ಆಟೋ ಕುಲುಕಿದರೆ ಗಾಯ ಹಿಂಡುತ್ತಿತ್ತು. ಮೊದಲ ದಿನ ಟ್ಯಾಕ್ಸಿಯಲ್ಲಿ ಹೋದಳು. ಹೋಗುವಾಗ ಒಂದು ಸಲ, ಬರುವಾಗ ಎರಡು ಸಲ ವಾಂತಿ. ಒಂದೊಂದು ಸಲ ಉಬ್ಬಳಿಸಿದಾಗಲೂ ಹೊಲಿಗೆ ಹಾಕಿದ ಜಾಗ ಕಿತ್ತುಬರುವಷ್ಟು ನೋವು. ಮನೆಗೆ ಬಂದು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, "ಸಾಕು. ನಾನಿನ್ನು ಹೋಗಲ್ಲ. ಆಗಿದ್ದಾಗ್ಲಿ" ಎಂದಳು. ಚಿಕ್ಕಮ್ಮ ಒಂದು ಸಲ ಹೇಳಿದರೆ ಮುಗಿಯಿತು, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮಾರನೆಯ ದಿನ ಶನಿವಾರ, ರೇಡಿಯೇಷನ್‌ಗೆ ಎರಡು ದಿನ ರಜ. ಬೆಳಿಗ್ಗೆಯೇ ಚಿಕ್ಕಪ್ಪ ನನ್ನನ್ನು ಕರೆದುಕೊಂಡು ಪೀಣ್ಯಕ್ಕೆ ಹೊರಟ.

"ಬನ್ನಿ ಸಾರ್!" ಎಂದ ಟ್ಯೂನರ್. "ದೊಡ್ಡ ಟರ್ಬೊ ಬಂದಿದೆ. ಸಕ್ಕತ್ತಾಗಿದೆ. ಹಾಕ್ಬಿಡೋಣ?"

"ಹಾಕಿರೋದನ್ನೆಲ್ಲ ತೆಗಿಯಪ್ಪ."

"ಯಾಕ್ ಸಾರ್? ಗಾಡಿ ಮಾರ್ತಿದೀರಾ?"

"ಇಲ್ಲ. ನನ್ ಎಂಡ್ತಿ ಕೂತ್ಕಬೇಕು." ಎಂದ ಚಿಕ್ಕಪ್ಪ. "ನಾನು ಪೆಡಲ್ ತುಳಿದಿದ್ದು ಅವಳಿಗೆ ಗೊತ್ತಾಗ್ಬಾರ್ದು. ಅಂಗೆ ಮಾಡ್ಕೊಡು."

ನಾನು ಮಿಕ್ಕ ವಿಷಯ ಹೇಳಿದೆ. ಟ್ಯೂನರ್ ಲ್ಯಾಪ್‌ಟಾಪ್ ಮುಚ್ಚಿಟ್ಟ. "ಪವರ್ ಕಮ್ಮಿ ಮಾಡು ಅಂತ ಈ ಶೆಡ್ಡಿಗೆ ಇದುವರೆಗೆ ಯಾರೂ ಬಂದಿಲ್ಲ ಸಾರ್" ಎಂದ. ಆಮೇಲೆ ಎದ್ದು ಇನ್ನೊಂದು ಗಾಡಿಯವರಿಗೆ ಸೋಮವಾರ ಬರಲು ಹೇಳಿ ಶಟರನ್ನು ಅರ್ಧ ಇಳಿಸಿದ.

ಎರಡು ದಿನ ಕೆಲಸ ನಡೆಯಿತು. ಹಳೆಯ ಮೆತ್ತನೆ ಸ್ಪ್ರಿಂಗ್ ಮತ್ತೆ ಬಂತು, ಸೈಲೆನ್ಸರ್ ಮೊದಲಿನದೇ ಬಂತು. ಲ್ಯಾಪ್‌ಟಾಪಿನಲ್ಲಿ ಅಂಕಿಗಳು ಒಂದೊಂದಾಗಿ ಇಳಿದವು. ಸರಿಹೋಗಿದೆಯೆಂದು ಅಳೆಯುವುದು ಹೇಗೆ? ಚಿಕ್ಕಪ್ಪ ಅಲ್ಲಿನ ಟೀ ಅಂಗಡಿಯಿಂದ ಒಂದು ಸ್ಟೀಲ್ ಲೋಟ ಇಸಿದುಕೊಂಡು, ಕಂಠಮಟ್ಟ ನೀರು ತುಂಬಿ, ಚಿಕ್ಕಮ್ಮ ಕೂರುವ ಸೀಟಿನಲ್ಲಿ ನನ್ನನ್ನು ಕೂರಿಸಿ ಮಡಿಲಲ್ಲಿ ಇಟ್ಟ. ಪೀಣ್ಯದ ಲಾರಿಗಳ ನಡುವೆ ಒಂದು ಸುತ್ತು. ನೀರು ಚೆಲ್ಲಿದರೆ ಮತ್ತೆ ಶೆಡ್ಡಿಗೆ. ನನ್ನ ಎರಡು ಚೂಡಿದಾರ ಒದ್ದೆಯಾದವು. ಟೀ ಅಂಗಡಿಯವನು ನನ್ನನ್ನು ನೋಡಿದಾಗಲೆಲ್ಲ ಬೇರೆ ಕಡೆ ಮುಖ ತಿರುಗಿಸಿ ನಗುತ್ತಿದ್ದ. ಹದಿನಾರನೆಯದೋ ಹದಿನೇಳನೆಯದೋ ಸುತ್ತಿನಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ. ಟ್ಯೂನರ್ ಅಭ್ಯಾಸಬಲದಿಂದ ರೋಲರಿನ ಮೇಲೆ ಓಡಿಸಿ ಗ್ರಾಫ್ ತೆಗೆದುಕೊಟ್ಟ. ಕಾರು ಕೊಂಡ ದಿನಕ್ಕಿಂತಲೂ ಕೆಳಗಿತ್ತು ಗೆರೆ. ಚಿಕ್ಕಪ್ಪ ಅದನ್ನು ನೋಡದೆಯೇ ಮಡಚಿ ಜೇಬಿಗೆ ಹಾಕಿಕೊಂಡ.

ಸೋಮವಾರ ಚಿಕ್ಕಮ್ಮ ಬರಲೊಪ್ಪಿದ್ದು ಚಿಕ್ಕಪ್ಪನ ಮಾತಿಗಲ್ಲ. "ಇವತ್ತೊಂದಿನ ಬಂದ್ಬಿಡು. ಹೊಟ್ಟೆ ತೊಳೆಸಿದರೆ ನಾಳೆಯಿಂದ ನಾವ್ಯಾರೂ ಕರೆಯಲ್ಲ" ಎಂದು ನಾನು ಅತ್ತುಬಿಟ್ಟಿದ್ದೆ, ಅದಕ್ಕೆ. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಮುಂದೆ ಕೂತಳು. ನಾನು ಹಿಂದೆ. ಕೋಡಿ ದಾಟಿತು. ಚಿಕ್ಕಪ್ಪನ ಕುತ್ತಿಗೆಯ ಮೇಲೆ ಬೆವರು ಹರಿಯುತ್ತಿತ್ತು. ಹೊಸೂರು ರೋಡು ಬಂತು, ಸಿಂಗಸಂದ್ರ ಹಿಂದಾಯಿತು, ಆಸ್ಪತ್ರೆಯೂ ಬಂತು. ಕವರು ಮಡಿಸಿದ್ದು ಮಡಿಸಿದ ಹಾಗೇ ಇತ್ತು.

ಚಿಕ್ಕಮ್ಮ ಇಳಿದು, ಸೀರೆ ಸರಿಮಾಡಿಕೊಂಡು, "ಪರವಾಗಿಲ್ಲ" ಎಂದಳು. ಅಷ್ಟೇ. ಆ ಒಂದು ಮಾತನ್ನು ಹೇಳಲಿಕ್ಕೆ ಚಿಕ್ಕಪ್ಪ ಸಂಜೆಯೊಳಗೆ ನಮ್ಮ ನೆಂಟರಿಗೆಲ್ಲ ಫೋನು ಮಾಡಿದ. ಪಕ್ಕದಲ್ಲೇ ಕೇಳಿಸಿಕೊಂಡಿದ್ದ ನನಗೂ ಮಾಡಿದ!

ವಾರಗಳು ಕಳೆದಂತೆ ಚಿಕ್ಕಮ್ಮ ಸೋತಳು. ಚರ್ಮ ಸುಟ್ಟಂತಾಗಿ ಯಾವ ಮಗ್ಗುಲಿಗೂ ಮಲಗಲಾಗುತ್ತಿರಲಿಲ್ಲ. ನಿದ್ದೆ ಎಂಬುದೇ ಹೋಗಿತ್ತು. ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಕಾಲೇಜು ಮುಗಿಸಿ, ಅವಳಿಗೆಂದು ಸೊಪ್ಪಿನ ಸಾರು ಮಾಡಿಸಿಕೊಂಡು ಹೋದೆ. ಬೀದಿಯ ಬಾಯಲ್ಲೇ ಹಾರನ್ನುಗಳ ಗಲಾಟೆ. ನೋಡಿದರೆ ಚಿಕ್ಕಪ್ಪನ ಕಾರು ಮನೆ ಗೇಟಿನ ಮುಂದೆ, ರಸ್ತೆಯ ನಡುವೆ, ಎಂಜಿನ್ ಆನ್ ಆಗಿಯೇ ನಿಂತಿದೆ. ಹಿಂದೆ ಒಂದು ನೀರಿನ ಟ್ಯಾಂಕರು, ಅದರ ಹಿಂದೆ ಬೈಕುಗಳು. ಓಡಿಹೋಗಿ ಕಿಟಕಿಯಲ್ಲಿ ಬಗ್ಗಿದೆ.

ಚಿಕ್ಕಮ್ಮ ಮಲಗಿದ್ದಳು. ತಲೆ ಒಂದು ಕಡೆ ವಾಲಿ, ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಚಿಕ್ಕಪ್ಪ ತುಟಿ ಮಾತ್ರ ಅಲ್ಲಾಡಿಸಿದ. "ಎಂಜಿನ್ ನಿಂತ್ರೆ ಎಚ್ಚರ ಆಗ್ಬಿಡ್ತೈತೆ. ಹಿಂದಿನೋರಿಗೆ ಹಾರನ್ ಬ್ಯಾಡ ಅಂತೇಳಮ್ಮ."

ಟ್ಯಾಂಕರಿನ ಡ್ರೈವರು ಆಗಲೇ ಇಳಿದು ಬರುತ್ತಿದ್ದ. "ಏನ್ರೀ ಅಕ್ಕಾರ, ಗಾಡಿ ಕೆಟ್ಟೈತೇನ್ರಿ?"

"ಇಲ್ಲ ಅಣ್ಣ. ಚಿಕ್ಕಮ್ಮ ಆಸ್ಪತ್ರೆಯಿಂದ ಬಂದರು. ತುಂಬ ದಿನದ ಮೇಲೆ ನಿದ್ದೆ ಹತ್ತಿದೆ."

ಅವನು ಕಾರಿನೊಳಗೆ ಇಣುಕಿ ನೋಡಿದ. ವಾಪಸು ಹೋಗಿ ಟ್ಯಾಂಕರಿನ ಎಂಜಿನ್ ಆಫ್ ಮಾಡಿ, ಬೈಕುಗಳ ಕಡೆ ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದ. "ಮಕ್ಕೊಳ್ಳಲಿ ಬಿಡ್ರಿ" ಎಂದು ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತ. ಬೀದಿಯೆಲ್ಲ ಸದ್ದಡಗಿತು.

ನಾನು ಮತ್ತೆ ಕಿಟಕಿಯ ಹತ್ತಿರ ಬಂದೆ. ಚಿಕ್ಕಪ್ಪ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ನೇರ ಮುಂದೆ ನೋಡುತ್ತ ಕೂತಿದ್ದ. ಅವನ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಎಲ್ಲಿ ಅವಳಿಗೆ ಎಚ್ಚರವಾಗುತ್ತದೋ ಎಂದು ಹಾಗೇ ಬಿಟ್ಟಿದ್ದ.