ನಮ್ಮನೆ ಕಂಪ್ಯೂಟರಿಗೆ ಬಂದ ನೆಂಟರು

ಶಿವಪೂಜೆ, ತೋಟ, ತಿಪಟೂರಿನ ಕೊಬ್ಬರಿ ಹರಾಜು ಅಂತ ನಿಧಾನವಾಗಿ ಸಾಗುತ್ತಿದ್ದ ಮನೆ ನಮ್ಮದು. ಮಗಳು ಹಟ ಹಿಡಿದು ಕಂಪ್ಯೂಟರ್ ತರಿಸಿದಳು ನೋಡಿ, ಅಂದಿನಿಂದ ನಗುವಂಥದ್ದು ಒಂದಲ್ಲ ಒಂದು ಆಗುತ್ತಲೇ ಬಂತು. ಆಗ ಮಾತ್ರ ನಗು ಬರುತ್ತಿರಲಿಲ್ಲ. ಮಾಯಸಂದ್ರದ ಕಡೆಯ ಒಳ್ಳೆಯ ಮನೆತನದವರು ಮಗಳನ್ನು ನೋಡಲು ಬರುವವರಿದ್ದರು; ಅಲ್ಲಿಯವರೆಗೆ ಮನೆಯ ಮಾನ ಉಳಿದರೆ ಸಾಕು ಎನ್ನುವಂತಾಗಿತ್ತು!

ಬಾಗಿಲಿಗೆ ಬಂದವರು

ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು ಅಂತ ನಮ್ಮವ್ವ ಕಲಿಸಿದ್ದಳು. ಜಂಗಮರು ಬರಲಿ, ಕಣಿ ಹೇಳುವವಳು ಬರಲಿ, ಒಂದು ಹಿಡಿ ರಾಗಿಯನ್ನೋ ಒಂದು ಕಾಯಿಯನ್ನೋ ಕೊಟ್ಟೇ ಕಳಿಸಿದ ಮನೆ. ಇಂಟರ್‌ನೆಟ್ಟಿನಲ್ಲೂ ಹಾಗೇ, ಮಾತು ಮಾತಿಗೂ ಒಂದು ಚೌಕ ಎದ್ದು ಬಂದು ಏನೋ ಕೇಳುತ್ತಿತ್ತು. ಕೆಳಗೆ ‘ಎಸ್’, ‘ನೋ’ ಅಂತ ಎರಡು ಗುಂಡಿ. ನನಗೆ ಇಂಗ್ಲಿಷು ಅಕ್ಷರ ಕೂಡಿಸಿ ಓದುವಷ್ಟೇ ಬರುವುದು. ಪಾಪ, ಎಲ್ಲಿಂದಲೋ ಬಂದು ಕೇಳುತ್ತಿದೆ, ಇಲ್ಲ ಅನ್ನುವುದು ಹೇಗೆ? ಎಲ್ಲಕ್ಕೂ ‘ಎಸ್’ ಒತ್ತಿದೆ.

ಕೊನೆಗೆ ಪರದೆಯ ನೆತ್ತಿಯ ಮೇಲೆ ಪಟ್ಟಿಯ ಮೇಲೆ ಪಟ್ಟಿ ಬಂದು ಕೂತು, ಕೊಬ್ಬರಿ ರೇಟು ನೋಡಲು ಕಿಟಕಿ ಸಂದಿಯಷ್ಟು ಜಾಗ ಉಳಿಯಿತು. ಮಗಳು ನೋಡಿ ಹಣೆ ಚಚ್ಚಿಕೊಂಡಳು.

“ಇವನ್ನೆಲ್ಲ ಯಾರಪ್ಪ ಒಳಗೆ ಬಿಟ್ಟಿದ್ದು?”

“ಅವೇ ಕೇಳ್ಕೊಂಡು ಬಂದ್ವು ಕಣವ್ವ.”

“ಕಣಿ ಹೇಳೋಳಿಗೆ ರಾಗಿ ಕೊಟ್ಟು ಕಳಿಸ್ತೀಯ, ಸರಿ. ನಡುಮನೇಲಿ ಹಾಸಿಗೆ ಹಾಸ್ಕೊಡ್ತೀಯಾ?”

ಶಿವನ ಜಾಗದಲ್ಲಿ

ಇಂಟರ್‌ನೆಟ್ ತೆರೆದ ಕೂಡಲೇ ಕೈಲಾಸದ ಚಿತ್ರ ಬರುವಂತೆ ಮಗಳು ಮಾಡಿಕೊಟ್ಟಿದ್ದಳು. ಒಂದು ಬೆಳಗ್ಗೆ ವಿಭೂತಿ ಧರಿಸಿ, ಕೈಮುಗಿದು ತೆರೆದರೆ ಶಿವನೇ ಇಲ್ಲ! ಈಜುಡುಗೆಯ ಹೆಂಗಸೊಬ್ಬಳು ಕಣ್ಣು ಹೊಡೆದು ಜೂಜಿಗೆ ಕರೆಯುತ್ತಿದ್ದಾಳೆ! ಮುಚ್ಚಿದರೆ ಮತ್ತೆ ಬಂದಳು. ಆರಿಸಿ ಹಚ್ಚಿದರೂ ಅವಳೇ. ನನ್ನ ಹೆಂಡತಿ ಓಡಿಬಂದು ಪರದೆಗೆ ಟವೆಲು ಹೊದಿಸಿ, “ಮೊದ್ಲು ಅವಳ ಮೈ ಮುಚ್ಚಿ, ಆಮೇಲೆ ಮಾತಾಡಿ” ಅಂದಳು.

ಸುದ್ದಿ ಪಕ್ಕದ ತೋಟದವನಿಗೆ ಹೇಗೆ ಮುಟ್ಟಿತೋ! ಅಂದಿನಿಂದ ದಿನಾ, “ಅಣ್ಣ, ಕೊಬ್ಬರಿ ರೇಟು ನೋಡ್ಬೇಕಿತ್ತು” ಅಂತ ಬಂದು ಕೂರತೊಡಗಿದ. ಭಾನುವಾರವೂ ಬಂದ.

“ಇವತ್ತು ಹರಾಜೇ ಇಲ್ವಲ್ಲೋ!” ಅಂದೆ.

“ಇರ್ಲಿ ಬುಡಣ್ಣ, ಹಳೇ ರೇಟೇ ತೋರ್ಸು” ಅಂದ.

ಒಂದೇ ಒಂದು ‘ನೋ’

ಗಂಡಿನ ಕಡೆಯವರು ಬರುವ ದಿನ ಹತ್ತಿರವಾಯಿತು. ತಿಪಟೂರಿನಿಂದ ರಿಪೇರಿ ಸಾಬರನ್ನು ಕರೆಸಿದೆ. ಮೊದಲು ರೇಡಿಯೋ ಬಿಚ್ಚುತ್ತಿದ್ದವರು, ಈಗ ಇದನ್ನು ಬಿಚ್ಚುತ್ತಾರೆ. ಒಳಗಿರುವುದನ್ನೆಲ್ಲ ನೋಡಿ ತಲೆಯ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು.

“ಯಜಮಾನ್ರೇ, ಇದು ಕಂಪ್ಯೂಟರ್ ಅಲ್ಲ ಕಣ್ರೀ, ಛತ್ರ!”

ಮಧ್ಯಾಹ್ನದವರೆಗೆ ಕೂತು ಎಲ್ಲರನ್ನೂ ಹೊರಗೆ ಹಾಕಿ, ಕಾವಲಿಗೊಂದು ಆ್ಯಂಟಿವೈರಸ್ ಹಾಕಿದರು. “ಇನ್ಮೇಲೆ ಯಾರೇ ಏನೇ ಕೇಳಲಿ, ನೋ ಅನ್ನಿ” ಅಂತ ನನ್ನಿಂದ ಭಾಷೆ ತೆಗೆದುಕೊಂಡೇ ಹೋದರು.

ಮಾರನೇ ದಿನ ಬೆಳಗ್ಗೆ ದೊಡ್ಡದೊಂದು ಕೆಂಪು ಚೌಕ ಎದ್ದಿತು. ಕೊಟ್ಟ ಭಾಷೆ ನೆನೆದು, ಮನಸ್ಸು ಗಟ್ಟಿ ಮಾಡಿ, ಹುಟ್ಟಿದಾಗಿನಿಂದ ಮೊದಲ ಸಲ ‘ನೋ’ ಒತ್ತಿದೆ. ಎಂಥಾ ಹುಮ್ಮಸ್ಸು ಅಂತೀರಿ! ಮಗಳನ್ನು ಕೂಗಿ ತೋರಿಸಿದೆ. ಅವಳು ಓದಿ ಕೂಗಿಕೊಂಡಳು.

“ಅಪ್ಪ, ಅದು ಕಾವಲಿನವನು ಕೇಳಿದ್ದು. ಕಳ್ಳ ಸಿಕ್ಕಿದಾನೆ, ಆಚೆ ಹಾಕ್ಲಾ ಅಂತ!”

ಫ್ಯಾನಿನ ಕೆಳಗೆ

ಸಾಬರನ್ನು ಮತ್ತೆ ಕರೆಸುವ ಮೊದಲೇ, ಸೋಮವಾರ, ಗಂಡಿನ ಕಡೆಯವರು ಬಂದರು. ಕಂಪ್ಯೂಟರಿಗೆ ಜರಿ ಶಲ್ಯ ಹೊದಿಸಿದ್ದೆ. ಹುಡುಗನ ತಂದೆ ಗಂಭೀರ ಮನುಷ್ಯರು, ಹಣೆ ತುಂಬ ವಿಭೂತಿ. ಉಪ್ಪಿಟ್ಟು ಮುಗಿಸಿದವರೇ, “ಇವತ್ತಿನ ರೇಟು ನೋಡೋಣ, ಹಾಕಿ” ಅಂದರು.

“ಕರೆಂಟಿಲ್ಲ” ಅಂದೆ. ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು.

ಅವರು ಫ್ಯಾನನ್ನೂ ನೋಡಿದರು, ನನ್ನನ್ನೂ ನೋಡಿದರು. ಬೇರೆ ದಾರಿಯಿಲ್ಲದೆ ಶಿವಶಿವಾ ಅಂತ ಶಲ್ಯ ಸರಿಸಿ ತೆರೆದೆ. ಬಂದಳು! ಕಣ್ಣೂ ಹೊಡೆದಳು! ಹೆಂಡತಿ ಟವೆಲು ತರಲು ಒಳಗೆ ಓಡಿದಳು. ಸಂಬಂಧ ಹೋಯಿತು ಅಂದುಕೊಂಡು ನೆಲ ನೋಡುತ್ತ ಕೂತೆ.

ಹುಡುಗನ ತಂದೆ ಹತ್ತಿರ ಸರಿದು ಮೆಲ್ಲಗೆ, “ಇವಳು ಇಲ್ಲಿಗೂ ಬಂದಿದಾಳಾ? ನಮ್ಮನೇಲಿ ಯುಗಾದಿಯಿಂದ ಇದಾಳೆ ಕಣ್ರೀ! ನಮ್ಮೋಳಿಗೆ ಹೆದರಿ ಕಂಪ್ಯೂಟರನ್ನೇ ಅಟ್ಟದ ಮೇಲಿಟ್ಟಿದೀನಿ” ಅಂದರು. ಮಾತು ಪಕ್ಕದಲ್ಲೇ ಕೂತಿದ್ದ ಅವರ ಹೆಂಡತಿಯ ಕಿವಿಗೂ ಬಿತ್ತು; ಅಟ್ಟದ ಗುಟ್ಟು ಆಕೆಗೆ ಗೊತ್ತಾದದ್ದು ಆಗಲೇ. ಮನೆಯೆಲ್ಲ ನಗು!

ನಗು ಇಳಿಯುವ ಮೊದಲೇ ಅವರು, “ಇಂಥಾ ನೆಂಟಸ್ತಿಕೆ ಬಿಡಬಾರದು. ನಮ್ಮ ಕಡೆಯಿಂದ ಒಪ್ಪಿಗೆ. ನೀವೇನಂತೀರಿ?” ಅಂದರು. ಹಳೇ ಚಾಳಿ ನೋಡಿ, ಕೇಳಿದ ತಕ್ಷಣ ‘ಎಸ್’ ಅನ್ನಲು ಬಾಯಿ ತೆರೆದೆ.

ಅಡುಗೆಮನೆಯಿಂದ ಮಗಳ ದನಿ ಕೇಳಿಸಿತು: “ಅಪ್ಪಾ! ಪೂರ್ತಿ ಓದ್ಕೊಂಡು ಒತ್ತು!”

ಅಲ್ಲಿಯವರೆಗೆ ತಲೆ ಬಗ್ಗಿಸಿ ಕೂತಿದ್ದ ಹುಡುಗ ಮೊದಲ ಸಲ ಬಾಯಿಬಿಟ್ಟ.

“ನಿಮ್ಮ ಮಗಳೇ ನಿಧಾನವಾಗಿ ಓದ್ಲಿ ಬುಡಿ ಮಾವ, ನಾನೆಲ್ಲೂ ಹೋಗಲ್ಲ.”