ಆರದ ಅಕ್ಕಿ

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಒಂದೇ ಒಂದು ಅಕ್ಷರ. ಪುಟ್ಟಮಾದಮ್ಮನ ಕಣ್ಣಿಗೆ ‘ಹ’ ಚೆನ್ನಾಗಿಯೇ ಕಾಣುತ್ತಿತ್ತು, ಕೈ ಅದನ್ನು ದುಂಡಗೆ ಬರೆಯುತ್ತಿತ್ತು. ನಾಲಿಗೆ ಮಾತ್ರ ಅದನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ರಾತ್ರಿಶಾಲೆಯಲ್ಲಿ ಅಕ್ಷರ ಕಲಿಸಿದ ಶಿವಮೂರ್ತಿ ಮೇಷ್ಟ್ರು ಮೂರು ತಿಂಗಳು ಒದ್ದಾಡಿ, “ಹೋಗ್ಲಿ ಬಿಡವ್ವ, ನಿಮ್ಮೂರಲ್ಲಿ ಹಸುವೂ ಅಸುವೇ, ಹಾಲೂ ಆಲೇ. ಬರೆಯುವಾಗ ಮರೀಬೇಡ, ಸಾಕು” ಎಂದು ಕೈಬಿಟ್ಟಿದ್ದರು.

ಬಿಳಿಗೆರೆಯಿಂದ ಎರಡು ಮೈಲಿ ಒಳಗಿರುವ ಆ ಊರಿನ ಅಂಗನವಾಡಿಯಲ್ಲಿ ಪುಟ್ಟಮಾದಮ್ಮ ಆಯಾ. ಗುಡಿಸುವುದು, ಒಲೆ ಹಚ್ಚುವುದು, ಮೂಗು ಒರೆಸುವುದು ಅವಳ ಪಾಲು. ಹಾಡು, ಕತೆ, ರಿಜಿಸ್ಟರು ಟೀಚರ್ ಮಂಗಳಮ್ಮನ ಪಾಲು. ಹೋದ ವರ್ಷ ಇಲಾಖೆಯಿಂದ ಹನ್ನೆರಡು ಚಿತ್ರದ ಪುಸ್ತಕ ಬಂದಿದ್ದವು. ಮಕ್ಕಳು ನಗುನಗುತ್ತಲೇ ಧೈರ್ಯ ಕಲಿಯಲಿ, ಒಬ್ಬರನ್ನೊಬ್ಬರು ಇದ್ದ ಹಾಗೇ ಒಪ್ಪಿಕೊಳ್ಳಲಿ ಎಂದು ಮಾಡಿದ ಪುಸ್ತಕಗಳಂತೆ. ಮಂಗಳಮ್ಮ ಸಹಿ ಹಾಕಿ ಇಳಿಸಿಕೊಂಡವಳೇ ತಗಡಿನ ಟ್ರಂಕಿನಲ್ಲಿಟ್ಟು ಬೀಗ ಜಡಿದಳು.

“ಮಕ್ಕಳ ಕೈಗೆ ಕೊಟ್ರೆ ಹರೀತವೆ. ಹರಿದ್ರೆ ಉತ್ತರ ಕೊಡೋಳು ನಾನು. ಇನ್ಸ್‌ಪೆಕ್ಷನ್ ದಿನ ಹೊಸದಾಗಿ ಕಾಣಬೇಕು ಕಣಮ್ಮ.”

ಟ್ರಂಕು ಮುಚ್ಚುವ ಮುಂಚೆ ಪುಟ್ಟಮಾದಮ್ಮ ಮೇಲಿದ್ದ ಪುಸ್ತಕದ ರಟ್ಟು ನೋಡಿಬಿಟ್ಟಿದ್ದಳು. ಒಂದು ಕಿರುಹಕ್ಕಿ. ಅದರ ಒಂದು ರೆಕ್ಕೆ ಉದ್ದ, ಇನ್ನೊಂದು ಗಿಡ್ಡ. ಮಿಕ್ಕ ಹಕ್ಕಿಗಳೆಲ್ಲ ಮೇಲೆ ಹಾರುತ್ತಿದ್ದರೆ ಇದೊಂದು ಕೊಂಬೆ ಹಿಡಿದು, ಬಸ್ಸು ತಪ್ಪಿಸಿಕೊಂಡವರ ಹಾಗೆ ಆಕಾಶ ನೋಡುತ್ತಿತ್ತು. ‘ಹಾರದ ಹಕ್ಕಿ’ ಎಂಬ ಹೆಸರನ್ನು ಅವಳು ಕೂಡಿಸಿ ಓದುವಷ್ಟರಲ್ಲಿ ಬೀಗ ಬಿತ್ತು.

ಅದು ಕೊನೆಗೆ ಹಾರಿತೋ ಇಲ್ಲವೋ? ಒಂದು ವರ್ಷದಿಂದ ಈ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅವಳನ್ನು ಕಾಡುತ್ತಿತ್ತು. ಟ್ರಂಕಿನ ಧೂಳು ಒರೆಸುವಾಗೆಲ್ಲ ಕೈ ನಿಧಾನವಾಗುತ್ತಿತ್ತು. ನಲವತ್ತೇಳನೇ ವಯಸ್ಸಿನಲ್ಲಿ ಅಕ್ಷರ ಕಲಿತವಳು ಅವಳು. ಬಸ್ಸಿನ ಬೋರ್ಡು ಓದಿದ್ದಳು, ಬೆಂಕಿಪೊಟ್ಟಣ ಓದಿದ್ದಳು, ಮದುವೆ ಕಾಗದ ಓದಿದ್ದಳು. ಕತೆ ಓದಿರಲಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ತನ್ನ ಬಾಯಿಂದಲೇ ಒಂದು ಕತೆ ಓದಬೇಕು. ಅವಳಿಗಿದ್ದದ್ದು ಅಷ್ಟೇ ಆಸೆ.

ಆ ಗುರುವಾರ ಮಂಗಳಮ್ಮ ನಂಜನಗೂಡಿಗೆ ಮೀಟಿಂಗಿಗೆ ಹೊರಟಳು. “ಮಧ್ಯಾಹ್ನ ಹೊಸ ಮೇಡಂನ ಕರ್ಕೊಂಡೇ ಬರ್ತೀನಿ. ಟ್ರಂಕಿಗೆ ಬೇವಿನ ಸೊಪ್ಪು ಹಾಕಿಡು. ಪುಸ್ತಕ ಮುಟ್ಟೀಯ ಮತ್ತೆ!” ಎಂದು ಬೀಗದ ಕೈ ಕೊಟ್ಟಳು.

ಪುಸ್ತಕ ಎತ್ತದೆ ಸೊಪ್ಪು ಹಾಕುವುದು ಹೇಗೆ? ಎತ್ತಿದಳು. ಎತ್ತಿದ್ದನ್ನು ಕೆಳಗಿಡಲಾಗಲಿಲ್ಲ. ಹದಿನಾಲ್ಕು ಮಕ್ಕಳು ಜೇನುಹುಳದಂತೆ ಮುತ್ತಿಕೊಂಡವು. ಯಾರೊಂದಿಗೂ ಮಾತಾಡದೆ ಮೂಲೆಯಲ್ಲಿ ಬೆರಳು ಚೀಪುತ್ತ ಕೂರುವ ನಾಲ್ಕು ವರ್ಷದ ನಯನಳೂ ತೆವಳಿಕೊಂಡು ಬಂದು ಅವಳ ತೊಡೆಗೆ ಒರಗಿದಳು.

“ಒಂದು ಮರ. ಮರದಲ್ಲೊಂದು ಗೂಡು. ಗೂಡಲ್ಲಿ ಒಂದು ಪುಟ್ಟ ಅಕ್ಕಿ.”

ಮೊದಮೊದಲು ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎರಡನೇ ಪುಟಕ್ಕೆ ಓದು ಓಟ ಹಿಡಿಯಿತು. ಹಕ್ಕಿ ಗಿಡ್ಡ ರೆಕ್ಕೆಗೆ ಬಾಳೆಯೆಲೆ ಕಟ್ಟಿಕೊಂಡು ಹಾರಲು ಹೋಗಿ ಎಮ್ಮೆಯ ಬೆನ್ನ ಮೇಲೆ ಬಿತ್ತು. ಎಮ್ಮೆ, “ಕೂತ್ಕೊ, ನನಗೂ ಹಾರಕ್ಕೆ ಬರಲ್ಲ” ಎಂದಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅಷ್ಟರಲ್ಲಿ ಕತೆಯೊಳಗೆ ಬಿರುಗಾಳಿ ಬಂತು.

“ಎಲ್ಲಾ ಅಕ್ಕಿಗಳೂ ಆರೋದೋ!” ಎಂದು ಪುಟ್ಟಮಾದಮ್ಮ ಕೈಯೆತ್ತಿದಳು.

“ಅಕ್ಕಿ ಆರೋಯ್ತು! ಎಲ್ಲಾ ಅಕ್ಕಿ ಆರೋಯ್ತು!” ನಯನಳದೊಂದು ಬಿಟ್ಟು ಮಿಕ್ಕೆಲ್ಲ ಗಂಟಲುಗಳು ಹಂಚು ಹಾರುವಂತೆ ಕೂಗಿದವು.

ಆ ಊರಲ್ಲಿ ಕಾಳಿಗೂ ಅಕ್ಕಿಯೇ, ಗುಬ್ಬಿಗೂ ಅಕ್ಕಿಯೇ. ಆದರೆ ಅಂಗನವಾಡಿಯೊಳಗಿಂದ ‘ಅಕ್ಕಿ ಆರೋಯ್ತು’ ಎಂಬ ಕೂಗು ಬಂದರೆ ಯಾರೂ ಆಕಾಶ ನೋಡುವುದಿಲ್ಲ, ಮೂಟೆ ನೋಡುತ್ತಾರೆ. ಪಕ್ಕದ ಮನೆಯ ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಕೆಂಪಾಜಮ್ಮ ಮೊರ ಬಿಸಾಡಿ ಎದ್ದಳು.

“ಅಯ್ಯಯ್ಯೋ, ಮಕ್ಕಳ ಅಕ್ಕೀನ ಯಾರೋ ಆರ್ಸವ್ರೆ ಕಣ್ರಪ್ಪೋ!”

ಈ ಸುದ್ದಿ ಟೀ ಅಂಗಡಿ ಮುಟ್ಟುವ ಹೊತ್ತಿಗೆ ಅಕ್ಕಿ ಲಾರಿ ಹತ್ತಿ ಬನ್ನೂರು ದಾಟಿತ್ತು. ಅಂಗಡಿಯಲ್ಲಿ ಕೂತಿದ್ದ ಸಿದ್ದಮಲ್ಲಪ್ಪ ಒಂದು ಕಾಲಕ್ಕೆ ಪಂಚಾಯ್ತಿ ಮೆಂಬರು. ಸೋತ ಮೇಲೆ ವಿಚಾರಣೆ ಮಾಡಲು ಏನೂ ಸಿಗದೆ ಸೊರಗಿಹೋಗಿದ್ದವನು. ಪಂಚೆ ಎತ್ತಿ ಕಟ್ಟಿ, ಏಳೆಂಟು ಜನರನ್ನು ಬೆನ್ನಿಗೆ ಹಾಕಿಕೊಂಡು ಬಂದ.

ಹೆಜ್ಜೆ ಸದ್ದಿಗೆ ಪುಟ್ಟಮಾದಮ್ಮ ಪುಸ್ತಕವನ್ನು ಸೆರಗಿನೊಳಗೆ ಸೇರಿಸಿಬಿಟ್ಟಳು. ಮನಸ್ಸು ಮಾತ್ರ ಇನ್ನೂ ಬಿರುಗಾಳಿಯಲ್ಲೇ ಇತ್ತು.

“ಪುಟ್ಟಮಾದಮ್ಮ, ನಿಜ ಯೋಳು. ಅಕ್ಕಿ ಏನಾಯ್ತು?”

“ಆರೋಯ್ತು ಕಣಣ್ಣ. ಒಂದು ಮಾತ್ರ ಉಳ್ಕಂಡದೆ.”

“ಒಂದು ಮೂಟೆಯಾ?”

“ಇಲ್ಲ, ಪುಟ್ಟದು.”

“ಎಲ್ಲದೆ?”

“ಗೂಡ್ನಾಗೆ.”

ಸಿದ್ದಮಲ್ಲಪ್ಪ ಗೋಡೆಯ ಗೂಡಿಗೆ ಕೈ ತೂರಿಸಿದ. ಒಂದು ಉಪ್ಪಿನ ಪೊಟ್ಟಣ, ಒಂದು ಜಿರಲೆ ಸಿಕ್ಕವು.

“ಯಾರಮ್ಮಿ ಆರ್ಸಿದ್ದು?”

“ಯಾರೂ ಇಲ್ಲ ಕಣಣ್ಣ. ಗಾಳಿ ಬಂತು, ತಾವೇ ಆರೋದೋ.”

“ಕೇಳುದ್ರಾ ಇವಳ ಮಾತ!” ಕೆಂಪಾಜಮ್ಮ ಕೈ ತಟ್ಟಿದಳು. “ಅಕ್ಕಿಗೇನು ರೆಕ್ಕೆ ಅದ್ಯಾ?”

“ಅದೆ ಕಣಕ್ಕ. ಒಂದು ಗಿಡ್ಡ.”

ಜನ ಮುಖ ಮುಖ ನೋಡಿಕೊಂಡರು. ಸಿದ್ದಮಲ್ಲಪ್ಪನ ಕಣ್ಣು ಉಬ್ಬಿದ ಸೆರಗಿನ ಮೇಲೆ ಬಿತ್ತು. “ಸೆರಗ್ನಾಗೇನು ಬಚ್ಚಿಟ್ಟಿರದು? ತೆಗಿ!”

ಪುಟ್ಟಮಾದಮ್ಮನಿಗೆ ಆಗ ಎಚ್ಚರವಾಯಿತು. ಪುಸ್ತಕ ತೆಗೆದರೆ ಮಾತು ಮಂಗಳಮ್ಮನಿಗೆ ಮುಟ್ಟುತ್ತದೆ, ಆ ಬೀಗದ ಕೈ ಇನ್ನು ಈ ಜನ್ಮಕ್ಕೆ ಸಿಗುವುದಿಲ್ಲ. ತೆಗೆಯದಿದ್ದರೆ ಮಕ್ಕಳ ಅನ್ನ ಕದ್ದವಳಾಗುತ್ತಾಳೆ. ಅವಳ ಮೊಣಕೈಯನ್ನು ಯಾರೋ ಎಳೆದರು. ನಯನ. ಬಾಯಿಂದ ಬೆರಳು ತೆಗೆದು, “ಆಯಮ್ಮ, ಎದ್ರಬ್ಯಾಡ” ಎಂದಳು. ಆ ಮಗು ಅಂಗನವಾಡಿಗೆ ಬಂದ ಮೇಲೆ ಆಡಿದ ಮೊದಲ ಮಾತು ಅದು.

ಪುಟ್ಟಮಾದಮ್ಮ ಸೆರಗು ಸರಿಸಿದಳು. “ಕದ್ದಿದ್ದು ನಿಜ ಕಣಣ್ಣ. ಮೂಟೆ ಅಲ್ಲ, ಕತೆ. ನೋಡಿ.”

ಹಕ್ಕಿಯ ಚಿತ್ರ ನೋಡಿದ ಸಿದ್ದಮಲ್ಲಪ್ಪ ಒಲೆಯ ಪಕ್ಕದ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದು ಇಣುಕಿದ. ಅಕ್ಕಿ ಬಾಯಿಮಟ್ಟ ಇತ್ತು. ಎಲ್ಲರೂ ಒಮ್ಮೆ ಡ್ರಮ್ಮು ನೋಡಿದರು, ಒಮ್ಮೆ ಪುಸ್ತಕ ನೋಡಿದರು. ಆಮೇಲೆ ಎದ್ದ ನಗುವಿಗೆ ಬೀದಿಯ ನಾಯಿ ಬೊಗಳಿತು.

ಕೆಂಪಾಜಮ್ಮ ಕಣ್ಣೊರೆಸಿಕೊಂಡು, “ಆಮೇಲೆ? ಆರ್ತಾ ಅದು?” ಎಂದಳು.

“ಎಲ್ಲಿ ಓದಕ್ಕೆ ಬುಟ್ರಕ್ಕ? ನೀವು ಬಂದ್ಬುಟ್ರಲ್ಲ.”

“ಓದಮ್ಮಿ ಮತ್ತೆ! ರಾಗಿ ಬುಟ್ಟು ಬಂದಿವ್ನಿ.”

ಸಿದ್ದಮಲ್ಲಪ್ಪ ಚಪ್ಪಲಿ ಬಿಟ್ಟು ಮಕ್ಕಳ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿದ. ಪುಟ್ಟಮಾದಮ್ಮ ಓದಿದಳು. ಗಾಳಿ ನಿಂತಿತು. ಪುಟ್ಟ ಹಕ್ಕಿ ಕೊಂಬೆಯ ತುದಿಗೆ ನಡೆದು ಬಂತು. ಕೆಳಗೆ ಎಮ್ಮೆ ಬೆನ್ನು ಕೊಟ್ಟು ನಿಂತಿತು. ಹಾರಿಹೋದವರೆಲ್ಲ ತಿರುಗಿ ಬಂದು ಸುತ್ತ ಕೂತರು. ಹಕ್ಕಿ ಕಣ್ಣು ಮುಚ್ಚಿತು. ಒಂದು, ಎರಡು, ಮೂರು...

ಉಳಿದಿದ್ದು ಒಂದೇ ಪುಟ. ತಿರುವಲು ಅವಳು ಬೆರಳು ಒದ್ದೆ ಮಾಡಿದಳು.

ಜೀಪು ಬಂದು ನಿಂತಿತು. ಮಂಗಳಮ್ಮ ಒಳಗೆ ಕಾಲಿಟ್ಟವಳೇ ಬೆಂಕಿ ಕಂಡವಳಂತೆ ಧಾವಿಸಿ, ಪುಸ್ತಕ ಕಿತ್ತು ಟ್ರಂಕಿಗೆ ಹಾಕಿ ಅದುಮಿ ಮುಚ್ಚಿದಳು. ಹಿಂದೆಯೇ ಬಂದ ಹೊಸ ಸೂಪರ್‌ವೈಸರ್ ಶಿವರಂಜನಿ ಮೇಡಂ ಮೈಸೂರಿನಲ್ಲೇ ಹುಟ್ಟಿ ಬೆಳೆದವರು. ಅವರಿಗೆ ಕಂಡದ್ದು ತುಂಬಿದ ಸಭೆ ಮಾತ್ರ.

“ಅಬ್ಬಾ, ತಾಯಂದಿರ ಸಭೆಗೆ ಗಂಡಸರೂ ಬಂದಿದ್ದಾರೆ! ಇವತ್ತು ಏನು ವಿಷಯ ಕೇಳಿದ್ರಿ ಮಕ್ಕಳಾ?”

“ಆರದ ಅಕ್ಕಿ!” ಎಂದರು ಮಕ್ಕಳೂ ದೊಡ್ಡವರೂ.

“ಆರದ ಅಕ್ಕಿ!” ಮೇಡಂ ಮುಖ ಅರಳಿತು. “ಸರಿಯಾಗಿ ಆರದಿದ್ರೆ ಮುಗ್ಗಲು ಹಿಡಿಯುತ್ತೆ, ಹುಳ ಬೀಳುತ್ತೆ. ಎಷ್ಟು ಒಳ್ಳೆ ವಿಷಯ! ಯಾರು ಹೇಳಿಕೊಟ್ಟಿದ್ದು?”

“ನಾನೇ ಆಯಾಗೆ ಹೇಳಿ ಹೋಗಿದ್ದೆ ಮೇಡಂ” ಎಂದಳು ಮಂಗಳಮ್ಮ, ಟ್ರಂಕಿನ ಮೇಲೆ ಕೂತು.

ಈಗ ಹೇಳದಿದ್ದರೆ ಇನ್ನು ಯಾವಾಗ? ಪುಟ್ಟಮಾದಮ್ಮ ಒಲೆ ಊದುವಾಗಿನಂತೆ ಹೊಟ್ಟೆಯಿಂದ ಉಸಿರೆಳೆದಳು. ಆ ಹಾಳು ಅಕ್ಷರವನ್ನು ಎರಡು ಕೈಯಲ್ಲಿ ಎತ್ತಿದಂತೆ ಗಂಟಲಿನವರೆಗೆ ತಂದಳು.

“ಮೇಡಂ, ಅದು ಅಕ್ಕಿ ಅಲ್ಲ... ಅಕ್ಕಿ!”

“ಊಂ ಮೇಡಂ,” ಸಿದ್ದಮಲ್ಲಪ್ಪ ನೆರವಿಗೆ ಎದ್ದ. “ಅಕ್ಕಿ ಅಲ್ಲ, ಅಕ್ಕಿ. ಆರೋ ಅಕ್ಕಿ!”

“ಅದೇ ಮತ್ತೆ! ಆರೋ ಅಕ್ಕಿ ಬೇರೆ, ಆರದ ಅಕ್ಕಿ ಬೇರೆ. ಊರಿಗೆ ಊರೇ ವ್ಯತ್ಯಾಸ ಕಲಿತಿದೆ!” ಮೇಡಂ, ಮಂಗಳಮ್ಮ ಒಂದು ಗೇಣು ಎತ್ತಿ ತೋರಿಸಿದ ಟ್ರಂಕಿನೊಳಗೆ ಇಣುಕಿ, ವಿಸಿಟ್ ಬುಕ್ಕು ತರಿಸಿ, ಪುಸ್ತಕಗಳನ್ನು ಹೊಸದರಂತೆ ಕಾಪಾಡಿದ ಟೀಚರಿಗೆ ಮೆಚ್ಚುಗೆ ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ‘ನಾಳೆಯಿಂದ ಪ್ರತಿದಿನ ಬೆಳಗ್ಗೆ ಸಹಾಯಕಿಯು ಅಕ್ಕಿಯನ್ನು ಅಂಗಳದಲ್ಲಿ ಆರಹಾಕತಕ್ಕದ್ದು ಮತ್ತು ಹಕ್ಕಿಗಳು ಮುಟ್ಟದಂತೆ ಕೋಲು ಹಿಡಿದು ಕಾಯತಕ್ಕದ್ದು.’

ಬೀಗದ ಕೈ ಮಂಗಳಮ್ಮನ ಬ್ಯಾಗಿಗೆ ಸೇರಿತು.

ಮಾರನೇ ದಿನ ಬೆಳಗ್ಗೆ ಪುಟ್ಟಮಾದಮ್ಮ ಚಾಪೆಯ ಮೇಲೆ ಅಕ್ಕಿ ಹರವಿ, ಮಡಿಲಲ್ಲಿ ಕೋಲಿಟ್ಟುಕೊಂಡು ಬಿಸಿಲಿಗೆ ಕೂತಳು. ಒಂದು, ಎರಡು, ಮೂರು ಎಂದು ಎಣಿಸಿ, ಆಮೇಲೆ ಏನಿರಬಹುದು ಎಂದು ಯೋಚಿಸಿ, ಮತ್ತೆ ಒಂದರಿಂದ ಎಣಿಸಿದಳು. ಬೇಲಿಯ ಕಡೆಯಿಂದ ಗುಬ್ಬಿಗಳು ಕುಪ್ಪಳಿಸುತ್ತ ಬಂದವು.

ಬಾಗಿಲಲ್ಲಿ ನಿಂತಿದ್ದ ನಯನ ಕೂಗಿದಳು: “ಆಯಮ್ಮ! ಅಕ್ಕಿ ಅಕ್ಕಿ ತಿಂತದೆ!”

“ಓಡಿಸು ಅವನ್ನ!” ಒಳಗಿಂದ ಮಂಗಳಮ್ಮನ ಧ್ವನಿ.

ಪುಟ್ಟಮಾದಮ್ಮ ಕೋಲು ಎತ್ತಿದಳು. ಗುಬ್ಬಿಯನ್ನು ನೋಡಿದಳು. ಕೋಲನ್ನು ಮೆಲ್ಲಗೆ ಕೆಳಗಿಟ್ಟಳು.

“ತಿನ್ಲಿ ಬುಡವ್ವ,” ಎಂದಳು. “ಆರೋ ತನ್ಕ ತಿನ್ಲಿ.”