ಫ್ರೀಜ್ ಆದ ಗುಮಾಸ್ತ

ಹಾಸಿಗೆ ಕಂಪನಿಯ ರವಾನೆ ಗುಮಾಸ್ತನಿಗೆ ಚಿಕ್ಕಂದಿನಿಂದ ಒಂದು ಅಭ್ಯಾಸವಿತ್ತು. ಆಡಬೇಕಾದ ಮಾತನ್ನು ಮೊದಲು ಮನಸ್ಸಿನಲ್ಲೇ ಪೂರ್ತಿ ಕಟ್ಟಿ, ನಾಲ್ಕೂ ಮೂಲೆ ತಟ್ಟಿ ನೋಡಿ, ಗಟ್ಟಿಯಾಗಿದೆ ಎಂದು ಖಾತರಿಯಾದ ಮೇಲೇ ಹೊರಗೆ ಬಿಡುತ್ತಿದ್ದ. ಅಷ್ಟು ಹೊತ್ತಿಗೆ ಪ್ರಶ್ನೆ ಕೇಳಿದವರು ಎದ್ದು ಹೋಗಿರುತ್ತಿದ್ದರು. ಮಾತು ಕಟ್ಟುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಆಡುತ್ತಿರಲಿಲ್ಲ. ಎದುರುಬದುರು ಕೂತು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಕಂಪನಿಯ ಮೀಟಿಂಗುಗಳೆಲ್ಲ ವೀಡಿಯೊ ಕಾಲಿಗೆ ಬದಲಾದ ಮೇಲೆ ಎಡವಟ್ಟಾಯಿತು.

ರವಾನೆ ವಿಭಾಗದ ಮುಖ್ಯಸ್ಥರು ನಿವೃತ್ತರಾಗಿದ್ದರು. ಆ ಜಾಗಕ್ಕೆ ಯಾರು ಎಂಬುದು ಅಂದು ಬೆಳಗಿನ ಮೀಟಿಂಗಿನಲ್ಲಿ ತೀರ್ಮಾನವಾಗಬೇಕಿತ್ತು. ಗುಮಾಸ್ತನ ಹೆಂಡತಿ ಅವನ ಅಂಗಿಗೆ ತಾನೇ ಇಸ್ತ್ರಿ ಹಾಕಿ, ಊಟದ ಮೇಜನ್ನು ಮಲಗುವ ಕೋಣೆಗೆ ಎಳೆತಂದು ಕಿಟಕಿಯ ಬೆಳಕಿಗೆ ಹೊಂದಿಸಿಕೊಟ್ಟಳು. ಒಣಹಾಕಿದ ಬಟ್ಟೆ ಬೆನ್ನ ಹಿಂದೆ ಕಾಣಿಸದ ಜಾಗ ಆ ಮನೆಯಲ್ಲಿ ಅದೊಂದೇ ಇತ್ತು.

"ಈ ಸಲನಾದ್ರೂ ಬಾಯಿಬಿಟ್ಟು ಕೇಳಿ. ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಅವರೇನು ಕನಸು ಕಾಣ್ತಾರಾ?" ಎಂದಳು.

ಗುಮಾಸ್ತ ತಲೆಯಾಡಿಸಿದ. ಕೆಳಗಿನ ಮನೆಯ ವಾಷಿಂಗ್ ಮಷೀನು ಲಾರಿಯಂತೆ ಗುಡುಗುತ್ತಿದ್ದುದರಿಂದ ಅವಳೇ ಅವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೈಕ್ ಬಂದ್ ಮಾಡಿ, ಮಾತಾಡುವಾಗ ಎಲ್ಲಿ ಒತ್ತಬೇಕೆಂದು ತೋರಿಸಿ ಹೊರಗೆ ಹೋದಳು.

ನೆಟ್‌ವರ್ಕ್ ಬೆಳಗಿನಿಂದಲೂ ಕೆಟ್ಟಿತ್ತು. ಗೋದಾಮಿನ ಮೇಲ್ವಿಚಾರಕ ಆಕಳಿಕೆಯ ನಡುವೆ ನಿಂತುಬಿಟ್ಟು, ಬಾಯಿ ತೆರೆದುಕೊಂಡೇ ಪರದೆಯಿಂದ ಮಾಯವಾದ. ಉಳಿದವರು ಮ್ಯಾನೇಜರು, ಮಾರಾಟ ವಿಭಾಗದ ಮಾತುಗಾರ, ಲೆಕ್ಕಪತ್ರ ವಿಭಾಗದ ಹೆಂಗಸು ಮತ್ತು ನಮ್ಮ ಗುಮಾಸ್ತ.

"ರವಾನೆ ವಿಭಾಗದ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ," ಎಂದು ಮ್ಯಾನೇಜರು ಗುಮಾಸ್ತನನ್ನೇ ಕೇಳಿದರು.

ಎಷ್ಟೋ ವರ್ಷಗಳಿಂದ ಕಾದ ಪ್ರಶ್ನೆ. ಗುಮಾಸ್ತ ಮಾತು ಕಟ್ಟಲು ಕೂತ. ಮೊದಲ ವಾಕ್ಯ ಸಿದ್ಧವಾಯಿತು. ಎರಡನೆಯದರಲ್ಲಿ "ನಾನು" ಎನ್ನುವುದು ಎರಡು ಸಲ ಬಂದು ಜಂಬದಂತೆ ಕೇಳಿಸಿತು, ಬಿಚ್ಚಿ ಮತ್ತೆ ಕಟ್ಟತೊಡಗಿದ.

"ಫ್ರೀಜ್ ಆಗಿದ್ದಾರೆ ಸರ್," ಎಂದ ಮಾತುಗಾರ.

ಇಲ್ಲ, ಇದ್ದೇನೆ ಎನ್ನಬೇಕಿತ್ತು. ಆದರೆ ಅದೂ ಒಂದು ವಾಕ್ಯವೇ ತಾನೇ? ಅದಕ್ಕೆ ಕೈಹಾಕುವಷ್ಟರಲ್ಲಿ ಮಾತುಗಾರ ನಕ್ಕು, "ನೆಟ್‌ವರ್ಕನ್ನ ಬೈಯೋದು ಬೇಡ ಬಿಡಿ. ಆಫೀಸಲ್ಲೂ ಅವರು ಹಿಂಗೇ ಇರೋದು. ನಾವೆಲ್ಲ ಅವರನ್ನ ಫೋಟೋ ಅಂತ್ಲೇ ಕರೆಯೋದು," ಎಂದ.

ಈ ಮಾತುಗಾರ ಅವಸರದಲ್ಲಿ ಬರೆದು ಕಳಿಸುತ್ತಿದ್ದ ತಪ್ಪು ವಿಳಾಸಗಳನ್ನು ಯಾರಿಗೂ ಹೇಳದೆ ತಿದ್ದುತ್ತ ಬಂದವನು ಗುಮಾಸ್ತನೇ. ಈಗ ಅಲುಗಾಡಿದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆಂದು ತಿಳಿದುಹೋಗುತ್ತದೆ. ಆಮೇಲೆ ಅವನ ಮುಖ ನೋಡುವುದು ಹೇಗೆ? ಬೈದವನಿಗೆ ಮುಜುಗರವಾಗುತ್ತದಲ್ಲ ಎಂದು ಬೈಸಿಕೊಂಡವನು ಉಸಿರು ಬಿಗಿಹಿಡಿದ. ಮ್ಯಾನೇಜರು ಕನ್ನಡಕ ಒರೆಸಿಕೊಳ್ಳುವಾಗ ಕದ್ದು ಒಂದು ಸಲ ರೆಪ್ಪೆ ಬಡಿದ.

"ಹೇಗೂ ಅವರಿಗೆ ಕೇಳಿಸ್ತಿಲ್ಲ, ಬಿಚ್ಚಿ ಮಾತಾಡೋಣ," ಎಂದರು ಮ್ಯಾನೇಜರು. "ಮುಖ್ಯಸ್ಥರ ಜಾಗಕ್ಕೆ ಇವರು ಆಗ್ತಾರಾ?"

"ಪಾಪ, ಒಳ್ಳೆಯವರು ಸರ್. ಆದ್ರೆ ಲಾರಿ ಡ್ರೈವರುಗಳನ್ನ ಗದರಿಸೋಕೆ ಬಾಯಿ ಬೇಕಲ್ಲ," ಎಂದ ಮಾತುಗಾರ.

"ನಮ್ಮಪ್ಪ ಆಸ್ಪತ್ರೇಲಿದ್ದಾಗ ಆಫೀಸಿಂದ ಎಲ್ಲರೂ ಬಂದ್ರಿ," ಎಂದಳು ಲೆಕ್ಕಪತ್ರದ ಹೆಂಗಸು. "ಎಲ್ಲರೂ ಧೈರ್ಯ ಹೇಳಿದ್ರಿ. ನನಗೆ ಯಾರ ಮಾತೂ ತಲೆಗೆ ಹೋಗಲಿಲ್ಲ. ಇವರೊಬ್ಬರೇ ಬಂದು ಪಕ್ಕದಲ್ಲಿ ಕೂತ್ಕೊಂಡ್ರು. ಸಂಜೆ ತನಕ ಒಂದು ಮಾತೂ ಆಡಲಿಲ್ಲ. ಅವತ್ತು ನನಗೆ ಬೇಕಾಗಿದ್ದು ಅಷ್ಟೇ."

ಆ ಸಂಜೆ ಗುಮಾಸ್ತನಿಗೂ ನೆನಪಿತ್ತು. ಸಮಾಧಾನದ ಒಂದು ಮಾತನ್ನಾದರೂ ಕಟ್ಟಲು ಹೆಣಗಿ ಹೆಣಗಿ, ಸಿಗದೆ, ತನ್ನಂಥ ದಂಡಪಿಂಡ ಇನ್ನೊಬ್ಬನಿಲ್ಲ ಎಂದು ನಾಚಿಕೊಂಡು ಮನೆಗೆ ಬಂದಿದ್ದ. ಅದನ್ನು ಒಬ್ಬಳು ಇಷ್ಟು ದಿನ ಜೋಪಾನ ಮಾಡಿಟ್ಟುಕೊಂಡಿದ್ದಾಳೆಂದು ಅವನಿಗೆ ತಿಳಿದಿರಲಿಲ್ಲ. ಕಣ್ಣು ತುಂಬಿತು. ಒಂದು ಹನಿ ಮೂಗಿನ ಪಕ್ಕದಿಂದ ಸಾವಕಾಶವಾಗಿ ಇಳಿಯತೊಡಗಿತು. ಒರೆಸುವಂತಿಲ್ಲ. ಎಂಥ ಕಚಗುಳಿಯೆಂದರೆ, ಕೆನ್ನೆಯ ಮೇಲೆ ಇರುವೆಯೊಂದು ದಾರಿ ಕೇಳಿಕೊಂಡು ಹೋಗುತ್ತಿರುವಂತಿತ್ತು.

ಅದೇ ಹೊತ್ತಿಗೆ ಹೆಂಡತಿ ಬಾಗಿಲಲ್ಲಿ ಇಣುಕಿದಳು. "ಕೇಳಿದ್ರಾ?" ಎಂದು ಪಿಸುಗುಟ್ಟಿದಳು. ಗುಮಾಸ್ತ ಕದಲಲಿಲ್ಲ. ಮೇಜಿನ ಕೆಳಗೆ ಕೈ ಮಾತ್ರ ಪಟಪಟನೆ ಆಡಿಸಿ, ಹೋಗು ಹೋಗು ಎಂದ. ಹೆಂಡತಿ ಕಂಡದ್ದು ಬೇರೆ. ಗಂಡ ಮರದ ಕೊರಡಿನಂತೆ ಸೆಟೆದಿದ್ದಾನೆ, ಕಣ್ಣಲ್ಲಿ ನೀರು, ಕೈ ನಡುಗುತ್ತಿದೆ. ಅವಳು ಸದ್ದಿಲ್ಲದೆ ಪಕ್ಕದ ಮನೆಗೆ ಓಡಿದಳು.

ಪಕ್ಕದ ಮನೆಯಲ್ಲಿದ್ದವರು ನಿವೃತ್ತ ನರ್ಸು. ಕರೆಯದಿದ್ದರೂ ಬರುವವರು, ಕರೆದರೆ ಬಿಡುತ್ತಾರೆಯೇ? ಅವರ ಹಿಂದೆ ಮೇಲಿನ ಮನೆಯ ನಿವೃತ್ತ ಬಸ್ ಡ್ರೈವರೂ ಬಂದರು.

"ಮೀಟಿಂಗ್ ನಡೀತಿದೆ ಅಕ್ಕ, ಅದರಲ್ಲಿ ಕಾಣಿಸ್ಕೋಬೇಡಿ," ಎಂದಳು ಹೆಂಡತಿ.

ನರ್ಸಕ್ಕ ತಮ್ಮ ಮಂಡಿನೋವನ್ನೂ ಮರೆತು ನೆಲದ ಮೇಲೆ ಅಂಬೆಗಾಲಿಡುತ್ತ ಮೇಜಿನಡಿಗೆ ನುಗ್ಗಿ ಗುಮಾಸ್ತನ ಮಣಿಕಟ್ಟು ಹಿಡಿದರು. "ನಾಡಿ ರೇಸ್ ಕುದುರೆ ಥರ ಓಡ್ತಿದೆ ಕಣಮ್ಮ," ಎಂದು ಕೆಳಗಿನಿಂದ ವರದಿ ಬಂತು.

ಪರದೆಯಲ್ಲಿ ಮ್ಯಾನೇಜರು ಮುಂದಿನ ವಿಷಯಕ್ಕೆ ಹೋಗಿದ್ದರು. ಗಿರಾಕಿಗಳ ದೂರುಗಳನ್ನು ಇನ್ನು ಮೇಲೆ ವೀಡಿಯೊ ಕಾಲಿನಲ್ಲಿ ಕೇಳಬೇಕಂತೆ. ಇಡೀ ದಿನ ಆ ಕುರ್ಚಿಯಲ್ಲಿ ಕೂರುವವರು ಯಾರು? ಬೆನ್ನುನೋವಿನವರು ಹಾಸಿಗೆಯನ್ನು ಎತ್ತಿ ಎತ್ತಿ ತೋರಿಸಿ ಬೈಯುತ್ತಾರೆ. ಮಾತುಗಾರನಿಗೆ ಬಿಡುವಿಲ್ಲವಂತೆ. ಲೆಕ್ಕಪತ್ರದ ಹೆಂಗಸಿಗೆ ಯಾರಾದರೂ ದನಿ ಏರಿಸಿದರೆ ತಾನೂ ಏರಿಸುವ ಸ್ವಭಾವವಂತೆ.

ಇತ್ತ ಡ್ರೈವರಣ್ಣ ಮೇಜಿನ ಮೇಲಿನ ವೈರುಗಳನ್ನು ನೋಡಿ ರೋಗ ಪತ್ತೆ ಮಾಡಿಬಿಟ್ಟರು. "ಕರೆಂಟ್ ಹಿಡ್ಕೊಂಡಿದೆ. ನರ್ಸಮ್ಮ, ಕೈ ಬಿಡಿ, ನೀವೂ ಅಂಟ್ಕೊಂತೀರ."

ನರ್ಸಕ್ಕ ಕೆಂಡ ಮುಟ್ಟಿದವರಂತೆ ಕೈ ಬಿಟ್ಟರು. ಗಡಿಬಿಡಿಯಲ್ಲಿ ಅವರ ತಲೆ ಮೇಜಿಗೆ ಬಡಿದು ಲ್ಯಾಪ್‌ಟಾಪು ಒಂದು ಸಲ ನೆಗೆಯಿತು. ಡ್ರೈವರಣ್ಣ ನೆಲ ಒರೆಸುವ ಮರದ ಕೋಲು ತಂದು ಗುಮಾಸ್ತನ ಪಕ್ಕೆಗೆ ಆನಿಸಿ ಮೆಲ್ಲಗೆ ತಿವಿದರು. ಅಲುಗಲಿಲ್ಲ. ಜೋರಾಗಿ ತಿವಿದರು. ಗುಮಾಸ್ತ ಹಲ್ಲು ಕಚ್ಚಿಕೊಂಡ. ತನಗಾಗಿ ಒಬ್ಬಳು ಆಡಿದ ಮಾತು ಇನ್ನೂ ಕಿವಿಯಲ್ಲಿತ್ತು. ಇದುವರೆಗೆ ತಡೆದುಕೊಂಡದ್ದನ್ನು ಒಂದು ಕೋಲಿನ ಪೆಟ್ಟಿಗೆ ಹಾಳುಮಾಡಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

"ಬಿಡಲ್ಲ ಅಂತಿದೆ," ಎಂದು ಡ್ರೈವರಣ್ಣ ಹೊರಗೋಡಿ ಮೇನ್ ಸ್ವಿಚ್ಚನ್ನೇ ಇಳಿಸಿದರು. ವಾಷಿಂಗ್ ಮಷೀನು ಕೂಡ ಬಾಯಿ ಮುಚ್ಚಿತು, ಇಡೀ ಕಟ್ಟಡದ್ದೇ ಇಳಿದಿತ್ತು. ಪರದೆಯ ಮುಖಗಳೆಲ್ಲ ಹೊರಟುಹೋದವು.

ಗುಮಾಸ್ತ ದೊಡ್ಡದಾಗಿ ಉಸಿರು ಬಿಟ್ಟು ಕೆನ್ನೆ ಒರೆಸಿಕೊಂಡ. "ನನಗೇನೂ ಆಗಿಲ್ಲ," ಎಂದ. ನರ್ಸಕ್ಕ ಮೇಜಿನಡಿಯಿಂದ ಹೊರಬಂದು, ಎಲ್ಲ ರೋಗಿಗಳೂ ಮೊದಲು ಹೇಳುವುದು ಅದನ್ನೇ ಎಂದರು.

ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಮ್ಯಾನೇಜರು.

"ಈಗ ಮೈ ಅಲ್ಲಾಡಿಸಬಹುದು," ಎಂದರು. "ಆ ಕೋಲು ಯಾರದ್ದು?"

ಗುಮಾಸ್ತ ಡ್ರೈವರಣ್ಣನ ಕಡೆ ನೋಡಿದ.

"ನೆಟ್‌ವರ್ಕ್ ಹೋದ ಚಿತ್ರ ಅಳಲ್ಲ ಕಣ್ರೀ. ಆ ಹನಿ ಇಳಿದಾಗಿನಿಂದ ನಾನು ನೋಡ್ತಾನೇ ಇದ್ದೆ. ಹೆದರಬೇಡಿ, ಉಳಿದವರಿಗೆ ಗೊತ್ತಾಗಿಲ್ಲ. ವೀಡಿಯೊ ಕಾಲಲ್ಲಿ ಎಲ್ಲರೂ ನೋಡೋದು ಅವರವರ ಮುಖಾನೇ. ಮುಖ್ಯಸ್ಥರ ಜಾಗಕ್ಕೆ ನಿಮ್ಮ ಹೆಸರನ್ನೇ ಬರೆದಿಟ್ಟಿದ್ದೆ. ನಿಜವಾಗಿ."

ಗುಮಾಸ್ತ ಕುರ್ಚಿಯಿಂದ ಎದ್ದು ನಿಂತ.

"ಆದ್ರೆ ಇವತ್ತು ನಿಮ್ಮನ್ನ ನೋಡಿದ ಮೇಲೆ ಮನಸ್ಸು ಬದಲಾಯ್ತು. ಮುಖದ ಮೇಲೇ ಆಡ್ಕೊಂಡ್ರೂ, ಪಕ್ಕೆಗೆ ತಿವಿದ್ರೂ ಹುಬ್ಬು ಗಂಟಿಕ್ಕದ ಇನ್ನೊಬ್ಬ ಮನುಷ್ಯ ನಮ್ಮ ಕಂಪನೀಲಿ ಇಲ್ಲ. ಮುಖ್ಯಸ್ಥರ ಕೆಲಸ ಆ ಮಾತುಗಾರನೂ ಮಾಡ್ತಾನೆ. ದೂರು ಕೇಳೋ ಕುರ್ಚಿಗೆ ನೀವೇ ಸರಿ. ನಾಳೆಯಿಂದ ಶುರು ಮಾಡಿ."

ಗುಮಾಸ್ತ ಉತ್ತರ ಕಟ್ಟತೊಡಗಿದ. ಬಹಳ ಒಳ್ಳೆಯ ಉತ್ತರ. ಅದಕ್ಕೆ ಕೊನೆಯ ಪದ ಕೂರಿಸುವ ಹೊತ್ತಿಗೆ ಫೋನು ಕಟ್ಟಾಗಿ ಬಹಳ ಹೊತ್ತಾಗಿತ್ತು.

"ಏನಂದ್ರು?" ಎಂದಳು ಹೆಂಡತಿ.

ಗುಮಾಸ್ತ ಅಂದು ಮೊದಲ ಸಲ ಕಟ್ಟದೆ, ತಟ್ಟದೆ, ಬಂದ ಹಾಗೆ ಮಾತಾಡಿದ. ಫೋಟೋ ಎಂದದ್ದನ್ನೂ ಹೇಳಿದ, ಆಸ್ಪತ್ರೆಯ ಮಾತನ್ನೂ ಹೇಳಿದ, ಕೈಗೆ ಬಂದು ತಪ್ಪಿದ ಜಾಗದ ಬಗ್ಗೆಯೂ ಹೇಳಿದ. ಹೆಂಡತಿ ಮಂಚದ ತುದಿಯಲ್ಲಿ ಕೂತು, ಅವನನ್ನು ಈಗಷ್ಟೇ ನೋಡುತ್ತಿರುವವಳಂತೆ ನೋಡಿದಳು. ನರ್ಸಕ್ಕ ಕಣ್ಣೊರೆಸಿಕೊಂಡರು.

ಡ್ರೈವರಣ್ಣ ಮಾತ್ರ ಏನೋ ಯೋಚಿಸುತ್ತಿದ್ದರು. ಗುಮಾಸ್ತ ಮುಗಿಸುವುದನ್ನೇ ಕಾದು, ಕೋಲನ್ನು ಗೋಡೆಗೆ ಒರಗಿಸಿ ಹತ್ತಿರ ಬಂದರು.

"ನಮ್ಮ ಮನೆ ಹಾಸಿಗೇನೂ ನಿಮ್ಮ ಕಂಪನೀದೇ ಕಣಪ್ಪ," ಎಂದರು. "ಒಂದು ಕಡೆ ಪೂರ್ತಿ ಕುಸಿದು ಹೋಗಿದೆ. ಯಾರ ಹತ್ರ ಹೇಳ್ಕೊಳ್ಳೋದು ಅಂತಿದ್ದೆ."

ಗುಮಾಸ್ತ ಅವರ ಮುಖವನ್ನೊಮ್ಮೆ ನೋಡಿ, ಕುರ್ಚಿ ಎಳೆದುಕೊಂಡು ಕೂತ.

"ಯಾವ ಕಡೆ?" ಎಂದ.